ಹನುಮಪ್ಪ ಮಾಸ್ತರರ ಹಾಜರಿ ಪುಸ್ತಕ

ನಮ್ಮ ಮಾವ ಹನುಮಪ್ಪ ಮಾಸ್ತರರು ನಿವೃತ್ತರಾಗಿ ಹತ್ತು ವರ್ಷವಾಯಿತು ಎಂದು ಸರ್ಕಾರ ಹೇಳುತ್ತದೆ. ಈ ಸುದ್ದಿಯನ್ನು ಅವರಿಗೆ ಮಾತ್ರ ಯಾರೂ ಇನ್ನೂ ತಿಳಿಸಿದಂತಿಲ್ಲ. ಮೂವತ್ತಾರು ವರ್ಷ ಪಿ.ಟಿ. ಮಾಸ್ತರರಾಗಿ ಸಾವಿರಾರು ಹುಡುಗರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಕೊನೆಗೊಂದು ದಿನ ಹಾರ, ಶಾಲು, ತೆಂಗಿನಕಾಯಿ ಹೊತ್ತುಕೊಂಡು ಹುಬ್ಬಳ್ಳಿಯ ಬೈರಿದೇವರಕೊಪ್ಪದ ಮನೆಗೆ ಬಂದರು. ಮರುದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ವರಾಂಡದಲ್ಲಿ ನಿಂತು ಸೀಟಿ ಊದಿದರಂತೆ. ಹುಡುಗರಿಲ್ಲ, ಹಾಗಾಗಿ ಮನೆಯವರೇ ಸಾಲಿನಲ್ಲಿ ನಿಂತರು.

ನಾನು ಸೊಸೆಯಾಗಿ ಬಂದದ್ದು ಎರಡು ವರ್ಷದ ಮೇಲೆ. ಗದ್ದಲದ ಕಮರಿಪೇಟೆಯಲ್ಲಿ ಬೆಳೆದವಳು, ತಾಲೂಕು ಕಚೇರಿಯಲ್ಲಿ ಗುಮಾಸ್ತೆ, ಜೋರು ದನಿಗೆ ಹೆದರುವ ಪೈಕಿ ಅಲ್ಲ. ಮದುವೆಯ ಮೂರನೇ ದಿನ ವರಾಂಡದ ನೆಲದ ಮೇಲೆ ಬಿಳಿ ಪೇಂಟಿನಲ್ಲಿ ನನಗೊಂದು ಹೊಸ ವೃತ್ತ ಬರೆದು, "ಇದು ನಿಂದು, ಪೂನಮ್" ಎಂದರು.

"ಮಾವಾರ, ಹಾಜರಿ ಯಾಕ್ರಿ? ನಾ ಎಲ್ಲಿ ಓಡಿ ಹೊಂಟೀನಿ?"

"ಓಡಾಕ ಕಾಲಾಗ ಕಸುವು ಬೇಕವಾ. ಮೊದಲ ನೆಟ್ಟಗ ನಿಲ್ಲಾಕ ಕಲಿ."

ಅಂದಿನಿಂದ ನಿಂತಿದ್ದೇನೆ. ಅವರದು ಹಾಜರಿ ಪುಸ್ತಕ ಕೂಡ ಇದೆ, ಶಾಲೆಯಲ್ಲಿರುವಂಥದ್ದೇ, ಉದ್ದನೆಯದು. ಮೊದಲು ನಮ್ಮ ಅತ್ತೆ: "ಗುಡ್ಡವ್ವ ಹನುಮಪ್ಪ!" ಅತ್ತೆ, "ಹಾಜರ್, ಹಾಲ ಉಕ್ಕಾಕತ್ತೈತಿ" ಎಂದು ಒಂದೇ ಉಸಿರಿನಲ್ಲಿ ಹೇಳಿ ಅಡುಗೆಮನೆಗೆ ಓಡುತ್ತಿದ್ದರು. ಏಳು ವರ್ಷದಲ್ಲಿ ಆ ಹಾಲು ಒಂದು ದಿನವೂ ಉಕ್ಕಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನನ್ನ ಗಂಡ, ಕಾಲೇಜಿನಲ್ಲಿ ಪಾಠ ಹೇಳುವ ಅಂಬರೀಷ. ಅವರು ಬ್ರಶ್ ಬಾಯಲ್ಲಿಟ್ಟುಕೊಂಡೇ "ಆಆರ್" ಎನ್ನುವುದು, ಮಾವ "ಬ್ರಶ್ ತಗಿ ಬಾಯಾಗಿಂದ! ಲೆಕ್ಚರರ್ ಅಂತ, ಲೆಕ್ಚರರ್!" ಎಂದು ಗದರುವುದು, ಇದು ದಿನವೂ ಇದ್ದದ್ದೇ. ಆಮೇಲೆ ನಾನು. ಕೊನೆಗೆ ನಾಲ್ಕನೇ ವೃತ್ತದಲ್ಲಿ ನನ್ನ ಮಗ ಪ್ರಬುದ್ಧ.

ಪ್ರಬುದ್ಧನಿಗೆ ಆಟಿಸಂ ಇದೆ ಎಂದು ಎರಡೂವರೆ ವರ್ಷಕ್ಕೆ ಗೊತ್ತಾಯಿತು. ನಾನು ಅತ್ತುಬಿಟ್ಟೆ, ಅಂಬರೀಷ ಪುಸ್ತಕ ತರಿಸಿದರು, ಅತ್ತೆ ಊಟ ಬಿಟ್ಟರು. ಮಾವ ಮಾತ್ರ, "ಸಾಲಿನ್ಯಾಗ ನಿಲ್ಲಾಕ ಬರತೈತಿಲ್ಲೋ? ಉಳದದ್ದು ನಾ ನೋಡ್ಕೋತೀನಿ" ಎಂದರು. ನೋಡಿಕೊಂಡರು ಕೂಡ. ಆ ಮಗು ವೃತ್ತದಲ್ಲಿ ನಿಲ್ಲಲು ಆರು ತಿಂಗಳು ಬೇಕಾಯಿತು. ತನ್ನ ಹೆಸರು ಕೂಗಿದಾಗ "ಹಾಜರ್" ಎನ್ನಲು ಮತ್ತೆ ಹದಿನಾಲ್ಕು ತಿಂಗಳು. ಅಂದ ದಿನ ಮಾವ ಓಣಿಗೆಲ್ಲ ಮಿರ್ಚಿ ಭಜಿ ಹಂಚಿದರು. ಯಾವ ಖುಷಿಗೆ ಎಂದು ಕೇಳಿದವರಿಗೆಲ್ಲ "ನಮ್ಮ ಸಾಲಿ ಪೂರಾ ಹಾಜರ್ ಐತಿ" ಎಂದು ಎದೆ ಉಬ್ಬಿಸಿದರು.

ಐದು ವರ್ಷಕ್ಕೆ ಅವನಲ್ಲಿ ತನ್ನದೇ ಎನ್ನುವ ಮಾತು ಹನ್ನೊಂದಿದ್ದವು. ಕೇಳಿಸಿಕೊಂಡು ಒಪ್ಪಿಸುವ ಮಾತು ಬೇರೆ, ಅದಕ್ಕೆ ಲೆಕ್ಕವಿಲ್ಲ. ರೊಟ್ಟಿಯ ತಾಟಿನ ಮುಂದೆ ಕೂತು, "ಮುಂದಿನ ನಿಲ್ದಾಣ, ಉಣಕಲ್ ಕ್ರಾಸ್" ಎಂದು ಊರಿನ ಚಿಗರಿ ಬಸ್ಸಿನಲ್ಲಿ ನಿಲ್ದಾಣ ಸಾರುವ ಹೆಂಗಸಿನ ದನಿಯಲ್ಲೇ ಹೇಳುತ್ತಿದ್ದ. ಅದಾದ ಮೇಲೆಯೇ ತುತ್ತು ಬಾಯಿಗೆ. ಅತ್ತೆ ಕೂಡ "ಇಳೀರಿ ಇಳೀರಿ, ಪಲ್ಯಾ ಬಂತು" ಎಂದು ಕಂಡಕ್ಟರೇ ಆಗಿಬಿಟ್ಟಿದ್ದರು.

ಹೋದ ವರ್ಷ ಜುಲೈ ಎಂಟರಂದು ಬೆಳಿಗ್ಗೆ ಅವನ ಮೈ ಸ್ವಲ್ಪ ಬೆಚ್ಚಗಿತ್ತು. ಔಷಧ ಕುಡಿಸಿ ಮಲಗಿಸೋಣ ಎಂದುಕೊಳ್ಳುವಷ್ಟರಲ್ಲಿ ಮಾವ ಸೀಟಿ ಊದಿದರು. ಮಗು ಎದ್ದು ಓಡಿ ಹೋಗಿ ವೃತ್ತದಲ್ಲಿ ನಿಂತ. ನಿಂತವನ ಕಣ್ಣು ಮೇಲಕ್ಕೆ ಹೋದವು. ಕೈಕಾಲು ಬಿಗಿದು ಅದುರತೊಡಗಿದವು. ಅವನು ನೆಲಕ್ಕೆ ಬೀಳುವ ಮೊದಲೇ ಮಾವ ಹಿಡಿದುಕೊಂಡಿದ್ದರು. ಮೂರು ನಿಮಿಷ ಅಂತೆ. ನನ್ನ ಪಾಲಿಗೆ ಅದು ಮೂರು ನಿಮಿಷವಲ್ಲ, ಬಿಡಿ.

ಪಕ್ಕದ ಮನೆಯ ಜುಲ್ಫಿಕಾರ ಬನಿಯನ್ನಿನಲ್ಲೇ ಬಂದು ಆಟೋ ತೆಗೆದ. ಮಾವ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತರು, ಸೀಟಿ ಬಾಯಲ್ಲೇ ಉಳಿದಿತ್ತು. ಗಾಬರಿಯಲ್ಲಿ ಅವರು ಏದುಸಿರು ಬಿಟ್ಟಾಗಲೆಲ್ಲ ಅದು "ಪೀ, ಪೀ, ಪೀ" ಎನ್ನುತ್ತಿತ್ತು. ಅವರಿಗೆ ಅದರ ಪರಿವೆಯೇ ಇಲ್ಲ. ಉಣಕಲ್ ಹತ್ತಿರ ಟ್ರಾಫಿಕ್ ಪೊಲೀಸನು ಇದು ಯಾವ ಸಾಹೇಬರ ಸೀಟಿ ಎಂದುಕೊಂಡನೋ, ಎರಡೂ ಕಡೆ ಗಾಡಿ ನಿಲ್ಲಿಸಿ ನಮ್ಮ ಆಟೋಕ್ಕೆ ಸಲಾಮು ಹೊಡೆದ. ಜುಲ್ಫಿಕಾರ ಅವನಿಗೆ ಮರಳಿ ಸಲಾಮು ಹೊಡೆದು ಸಿಗ್ನಲ್ ಹಾರಿಸಿದ. ಆಸ್ಪತ್ರೆಯಲ್ಲಿ ನರ್ಸ್ ಬಂದು, "ಅಜ್ಜಾರ, ಅದನ್ನ ಬಾಯಾಗಿಂದ ತಗೀರಿ, ಉಳದ ಕೂಸು ಅಳಾಕತ್ತಾವ" ಎಂದ ಮೇಲೆಯೇ ಮಾವ ಸೀಟಿಯನ್ನು ಉಗುಳಿದ್ದು. ಅಂಗೈಯಲ್ಲಿ ಹಿಡಿದು ಅದನ್ನು ಬಹಳ ಹೊತ್ತು ನೋಡಿದರು.

"ಡಾಕ್ಟರ್, ನಾ ಸೀಟಿ ಊದಿದ್ದಕ್ಕ ಹಿಂಗಾತೇನ್ರಿ?" ಎಂದು ಮಕ್ಕಳ ಡಾಕ್ಟರ್ ಋತುಜಾ ಅವರನ್ನು ಕೇಳಿದರು.

"ಛೇ, ಇಲ್ಲರೀ ಮಾಸ್ತರ್. ಇದು ಜ್ವರದಿಂದ ಬಂದದ. ನಿಮ್ಮ ಸೀಟಿದೇನೂ ತಪ್ಪಿಲ್ಲ."

ಮಾವ ತಲೆ ಆಡಿಸಿದರು. ನಂಬಲಿಲ್ಲ. ಮರುದಿನದಿಂದ ಅವರ ಕೊರಳಲ್ಲಿ ಸೀಟಿ ಕಾಣಲಿಲ್ಲ. ಕೇಳಿದರೆ "ಕಳೀತು" ಎಂದರು. ಮೂವತ್ತಾರು ವರ್ಷದಲ್ಲಿ ಒಂದು ಚೆಂಡನ್ನೂ ಕಳೆಯದ ಮನುಷ್ಯ!

ಮೂರು ದಿನಕ್ಕೆ ಮಗು ಮನೆಗೆ ಬಂತು, ಆದರೆ ಬರಿಗೈಯಲ್ಲಿ ಬಂತು. ಹನ್ನೊಂದು ಮಾತೂ ಇಲ್ಲ. ಬಸ್ಸಿನ ಹೆಂಗಸೂ ಇಲ್ಲ. ರೊಟ್ಟಿ ಕಂಡರೆ ತಾಟನ್ನೇ ದೂಡುತ್ತಿದ್ದ. ಚುರಮುರಿ ಬಿಟ್ಟು ಬೇರೇನೂ ಬೇಡ, ಅದೂ ಒಂದೊಂದೇ ಕಾಳು. ತಾನಾಗಿ ಪಾಯಖಾನೆಗೆ ಹೋಗುತ್ತಿದ್ದವನು ಈಗ ಬಾಗಿಲ ಪರದೆಯ ಹಿಂದೆ ಹೋಗಿ ಕೆಲಸ ಮುಗಿಸುತ್ತಿದ್ದ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ಗಾದೆ ನೆನಪಾದಾಗಲೆಲ್ಲ ನಾನು ಪರದೆ ಒಗೆಯುತ್ತಾ ಅಳುತ್ತಿದ್ದೆ. ಅಂಬರೀಷ ಮೊಬೈಲಿನಲ್ಲಿ ಏನೇನೋ ಓದಿ ದಿನಕ್ಕೊಂದು ಹೊಸ ಭಯ ತರುತ್ತಿದ್ದರು. ಕೊನೆಗೆ ಸಿಟ್ಟು ಬಂದು ಅವರ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ನಮ್ಮ ಮನೆಯಲ್ಲಿ ಏನಾದರೂ ಬಚ್ಚಿಡಬೇಕೆಂದರೆ ಎಲ್ಲರ ಬುದ್ಧಿಯೂ ಕಾಳಿನ ಡಬ್ಬಿಗೇ ಓಡುತ್ತದೆ.

ಮತ್ತೆ ಡಾಕ್ಟರ್ ಹತ್ತಿರ ಹೋದೆವು. ತಪಾಸಣೆ ಎಲ್ಲ ಮಾಡಿ ಅವರು ಹೇಳಿದರು: "ಕಲತದ್ದು ಎಲ್ಲೂ ಹೋಗಿಲ್ಲರೀ. ಜ್ವರ, ಫಿಟ್ಸ್, ಎರಡೂ ಕೂಡಿ ಹುಡುಗನ್ನ ಭಾಳ ದಣಿಸ್ಯಾವ. ಇಂಥಾ ಮಕ್ಕಳು ಜಡ್ಡಾದ ಮ್ಯಾಲೆ ಒಂದಿಷ್ಟು ದಿವಸ ಹಿಂದ ಸರಿಯೂದು ಅದ. ಇವಂದು ತಿರುಗಿ ಬರ್ತದ ಅಂತ ನನಗ ಅನಸ್ತದ."

"ಯಾವಾಗ್ರಿ?" ಎಂದರು ಮಾವ.

"ವಾರ ಹಿಡೀಬಹುದು, ಎರಡು ತಿಂಗಳಾನೂ ಹಿಡೀಬಹುದು. ಮತ್ತ ಫಿಟ್ಸ್ ಬಂದ್ರ ತಡಾ ಮಾಡದ ಕರಕೊಂಡು ಬರ್ರಿ. ಅಲ್ಲೀತನಕ ಮೊದಲಿನ ದಿನಚರಿ ಹೆಂಗಿತ್ತೋ ಹಂಗ ಇರ್ಲಿ. 'ಹೇಳು, ಹೇಳು' ಅಂತ ಮಾತ್ರ ಗಂಟು ಬೀಳಬ್ಯಾಡ್ರಿ."

ಹೊರಗೆ ಬಂದು ಮಾವ, "ಅಡ್ಡಗ್ವಾಡಿ ಮ್ಯಾಲೆ ದೀಪಾ ಇಟ್ಟಂಗ ಮಾತಾಡ್ತಾರ" ಎಂದು ಗೊಣಗಿದರು. ಆದರೆ ಡಾಕ್ಟರ್ ಹೇಳಿದ್ದರಲ್ಲಿ 'ದಣಿವು' ಎಂಬ ಒಂದು ಮಾತು ಅವರಿಗೆ ಹಿಡಿಸಿತ್ತು. ದಣಿದ ನೌಕರನಿಗೆ ಏನು ಬೇಕು? ರಜೆ.

ಆ ಸಂಜೆಯೇ ಮೊಮ್ಮಗನ ಪರವಾಗಿ ಅರ್ಜಿ ಬರೆದರು. ಅದರ ಪ್ರತಿ ನನ್ನ ಹತ್ತಿರ ಇದೆ. "ಗೆ, ಕುಟುಂಬದ ಮುಖ್ಯಸ್ಥರು, ಬೈರಿದೇವರಕೊಪ್ಪ. ವಿಷಯ: ವೈದ್ಯಕೀಯ ರಜೆ ಮಂಜೂರು ಮಾಡುವ ಕುರಿತು. ಮಾನ್ಯರೇ, ನನಗೆ ಜ್ವರ ಹಾಗೂ ಫಿಟ್ಸ್ ಬಂದಿದ್ದರಿಂದ ಮಾತನಾಡುವುದು, ರೊಟ್ಟಿ ತಿನ್ನುವುದು ಹಾಗೂ ಪಾಯಖಾನೆಗೆ ಹೋಗುವುದು, ಈ ಮೂರೂ ಕರ್ತವ್ಯಗಳಿಂದ ಜುಲೈ 8ರಿಂದ" ಅಲ್ಲೊಂದು ಖಾಲಿ ಗೆರೆ, "ರವರೆಗೆ ರಜೆ ನೀಡಬೇಕೆಂದು ಸವಿನಯ ಪ್ರಾರ್ಥನೆ." ಕೆಳಗೆ ಪ್ರಬುದ್ಧನ ಹೆಬ್ಬೆಟ್ಟು. ಅದು ಹೆಬ್ಬೆಟ್ಟಲ್ಲ, ಐದೂ ಬೆರಳು, ಆಮೇಲೆ ಮಾವನ ಬಿಳಿ ಅಂಗಿಯ ಮೇಲೆ ಇನ್ನೈದು.

ಅರ್ಜಿ ಸಕ್ರಮ ಮಾರ್ಗದಲ್ಲಿ ಹೋಗಬೇಕಲ್ಲ. ಅಂಬರೀಷ "ಶಿಫಾರಸು ಮಾಡಿದೆ" ಎಂದು ಸಹಿ ಹಾಕಿದರು. ಅತ್ತೆ, "ನಿಮ್ಮ ತಲಿ ಕೆಟ್ಟೈತೇನ್ರಿ?" ಎಂದು ಬೈದು ಸಹಿ ಹಾಕಿದರು. ನನ್ನ ಟೇಬಲ್ಲಿಗೆ, ಅಂದರೆ ಅಡುಗೆಮನೆಯ ಕಟ್ಟೆಗೆ, ಬಂತು. ನಾನು ಕಚೇರಿಯ ಚಾಳಿಯಲ್ಲಿ ಕೆಂಪು ಪೆನ್ನು ತೆಗೆದು ಅಂಚಿನಲ್ಲಿ ಬರೆದುಬಿಟ್ಟೆ: "ರಜೆಯ ಕೊನೆಯ ದಿನಾಂಕ ನಮೂದಿಸಿಲ್ಲ. ಅರ್ಜಿ ವಾಪಸು."

ಮಾವ ಅದನ್ನು ಓದಿದರು. ಪೆನ್ನು ತೆಗೆದುಕೊಂಡು ಆ ಖಾಲಿ ಗೆರೆಯ ಮೇಲೆ ಹಿಡಿದು ಕೂತರು. ಬರೆಯಲು ಅವರಲ್ಲಿ ತಾರೀಖು ಇರಲಿಲ್ಲ. ಯಾರಲ್ಲೂ ಇರಲಿಲ್ಲ. ನನ್ನ ಕೈ ಮುರಿದು ಹೋಗಲಿ ಎನಿಸಿತು. ಅರ್ಜಿಯನ್ನು ಹಾಜರಿ ಪುಸ್ತಕದೊಳಗೆ ಮಡಚಿಟ್ಟು ಮಾವ ಎದ್ದು ಹೋದರು.

ಡಾಕ್ಟರ್ ಹೇಳಿದಂತೆ ಬೆಳಗಿನ ಹಾಜರಿ ಮಾತ್ರ ನಡೆಯಿತು, ಆದರೆ ಸೀಟಿ ಇಲ್ಲದೆ. ಮಾವ ಬಾಗಿಲಲ್ಲಿ ನಿಂತು ಮೆಲ್ಲಗೆ ಕೆಮ್ಮುತ್ತಿದ್ದರು, ನಾವು ಬಂದು ನಿಲ್ಲುತ್ತಿದ್ದೆವು. ಪ್ರಬುದ್ಧ ಒಳಗೆ ಮೇಜಿನ ಕೆಳಗೆ ಚುರಮುರಿ ಸಾಲು ಹಚ್ಚುತ್ತಾ ಕೂತಿರುತ್ತಿದ್ದ, ತಿರುಗಿಯೂ ನೋಡುತ್ತಿರಲಿಲ್ಲ. "ಪ್ರಬುದ್ಧ ಅಂಬರೀಷ" ಎಂದು ಕೂಗಿ, ಖಾಲಿ ವೃತ್ತವನ್ನು ನೋಡಿ, ಮಾವ ಪುಸ್ತಕದಲ್ಲಿ "ರಜೆ" ಎಂದು ಬರೆಯುತ್ತಿದ್ದರು. 'ಗೈರು' ಎಂದು ಬರೆಯಲು ಅವರ ಕೈ ಏಳಲಿಲ್ಲ. ಹೀಗೆ ಆರು ವಾರ. ದಿನದಿಂದ ದಿನಕ್ಕೆ ಮಾವ ಕುಗ್ಗುತ್ತಾ ಬಂದರು, ನೆಟ್ಟಗೆ ನಿಲ್ಲುವವರ ಬೆನ್ನು ಬಾಗಿತು.

ಅತ್ತೆಗೆ ಇದನ್ನು ನೋಡಲಾಗಲಿಲ್ಲ. ಒಂದು ಬೆಳಿಗ್ಗೆ ಮಾವ "ಪ್ರಬುದ್ಧ ಅಂಬರೀಷ" ಎಂದಾಗ ಪರದೆಯ ಹಿಂದಿನಿಂದ ಸಣ್ಣ ದನಿಯೊಂದು ಬಂತು: "ಹಾಜಲ್."

ಮಾವ ಪುಸ್ತಕ ಬಿಸಾಡಿ ಓಡಿದರು. ಪರದೆ ಸರಿಸಿದರೆ ಅಲ್ಲಿ ನಮ್ಮ ಅತ್ತೆ, ಅರವತ್ತೆರಡು ವರ್ಷದ ಗುಡ್ಡವ್ವ, ಸೆರಗು ಬಾಯಿಗೆ ಒತ್ತಿಕೊಂಡು ಮೊಣಕಾಲ ಮೇಲೆ ಕೂತಿದ್ದರು. ಎತ್ತರ ಕೂಡ ಮಗುವಿನಷ್ಟೇ ಆಗಲಿ ಎಂದು.

"ಮೂವತ್ತಾರು ವರ್ಷ ಪ್ರಾಕ್ಸಿ ಹಿಡದಾಂವ ನಾ! ನನಗ ಪ್ರಾಕ್ಸಿ ಹಾಕ್ತಿಯೇನ ನೀ?"

"ನಿಮ್ಮ ಮಾರಿ ನೋಡಾಕ ಆಗಲಿಲ್ರೀ. ಒಂದು ದಿನಾರ ನಕ್ಕೀರಿ ಅಂತ ಮಾಡಿದ್ನಿ."

"ಆ ಕೂಸಿನ ಬಾಯಿ ಕಿತ್ತುಕೊಂಡಾಂವ ನಾನ. ನಾ ಊದಿದ್ನಿ, ಅದು ಬಿತ್ತು. ಮ್ಯಾಲೆ ನೀ ಅಣಕಸ್ತಿ!" ಎಂದವರೇ ಗೋಡೆಗೆ ಆತು ನಿಂತು ಅತ್ತುಬಿಟ್ಟರು. ಮಾವ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆಯ ಮೊಣಕಾಲು ಹಿಡಿದುಕೊಂಡಿತ್ತು, ಏಳಲಾಗದೆ ಅವರೂ ಅಲ್ಲೇ ಕೂತು ಅತ್ತರು. ಇಬ್ಬರನ್ನೂ ಎಬ್ಬಿಸಲು ಜುಲ್ಫಿಕಾರ ಬರಬೇಕಾಯಿತು. ಅಂದಿನಿಂದ ಹಾಜರಿ ನಿಂತಿತು. ಮಾವ ಏಳು ಗಂಟೆಗೆ ಸುಮ್ಮನೆ ಸ್ನಾನಕ್ಕೆ ಹೋಗತೊಡಗಿದರು.

ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಒಲೆಯ ಮೇಲೆ ಹಾಲಿಟ್ಟು, ಗಿರಣಿಗೆ ಕಳಿಸಲು ಡಬ್ಬಿಯಿಂದ ಜೋಳ ತೋಡುತ್ತಿದ್ದರು. ಸೇರಿನ ಜೊತೆ ದಾರ ಬಂತು, ದಾರದ ಜೊತೆ ಸೀಟಿ ಬಂತು. ಅತ್ತೆಯ ಮುಖ ಕೆಂಪಾಯಿತು.

"ಕಳೀತು ಅಂದ್ರಲ್ಲ! ಜ್ವಾಳದಾಗ ಬಿತ್ತಾಕ ಇಟ್ಟಿದ್ರೇನು? ಗಿರಣಿಗೆ ಹೋಗಿ ಹಿಟ್ಟಾಗಿದ್ರ ನಾಳೆ ರೊಟ್ಟ್ಯಾಗ ಸೀಟಿ ತಿಂತಿದ್ವಿ ಎಲ್ಲಾರೂ!"

ಬಚ್ಚಲಿನಲ್ಲಿ ನೀರಿನ ಸದ್ದು. ಮಾವನಿಗೆ ಕೇಳಿಸಲಿಲ್ಲ. ಕೇಳಿಸಲೇಬೇಕು ಎಂದು ಅತ್ತೆ ಹಠದಿಂದ ವರಾಂಡಕ್ಕೆ ಬಂದು, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಸೀಟಿ ಊದಿದರು. ಮೊದಲು ಎರಡು ಜೋಳದ ಕಾಳು ಹಾರಿಬಂದು ನನ್ನ ಹಣೆಗೆ ಬಡಿದವು. ಆಮೇಲೆ "ಪೀಈಈಈ!"

ಮೇಜಿನ ಕೆಳಗೆ ಏನೋ ಉರುಳಿದ ಸದ್ದಾಯಿತು. ಚುರಮುರಿ ಚೆಲ್ಲಾಡಿತು. ಪ್ರಬುದ್ಧ ಓಡಿ ಬಂದು, ನಾಲ್ಕನೇ ವೃತ್ತದಲ್ಲಿ ಎರಡೂ ಹಿಮ್ಮಡಿ ಜೋಡಿಸಿ ನಿಂತ.

ಆಗ ನನಗೆ ತಿಳಿಯಿತು. ಡಾಕ್ಟರ್ "ಹೆಂಗಿತ್ತೋ ಹಂಗ ಇರ್ಲಿ" ಎಂದಿದ್ದರು, ನಾವು ಸೀಟಿಯನ್ನೇ ತೆಗೆದು ಉಳಿದದ್ದನ್ನು ಇಟ್ಟಿದ್ದೆವು. ಈ ಹುಡುಗನಿಗೆ ಸೀಟಿ ಇಲ್ಲದ ಹಾಜರಿ ಹಾಜರಿಯೇ ಅಲ್ಲ. ಆರು ವಾರ ಅವನು ಬರಲಿಲ್ಲ, ಸರಿ, ಕರೆದವರು ಯಾರು?

ನಾನು ಸದ್ದಿಲ್ಲದೆ ಮೂರನೇ ವೃತ್ತಕ್ಕೆ ಸರಿದೆ. ಅಂಬರೀಷ ಎರಡನೆಯದಕ್ಕೆ. ಅತ್ತೆ ಸೀಟಿ ಸಮೇತ ಮೊದಲನೆಯದಕ್ಕೆ. ಬಚ್ಚಲಿನ ಬಾಗಿಲಲ್ಲಿ ಮಾವ ಟವೆಲ್ಲು ಸುತ್ತಿಕೊಂಡು, ತಲೆತುಂಬ ಸೋಪಿನ ನೊರೆಯೊಂದಿಗೆ ನಿಂತಿದ್ದರು. ಹೆಸರು ಕೂಗಬೇಕಾದವರು ಅವರು.

ಪ್ರಬುದ್ಧ ಕಾದ. ಯಾರೂ ಕೂಗಲಿಲ್ಲ. ಆಗ ಅವನು "ಖ್ಹೂಂ" ಎಂದು ಥೇಟ್ ಮಾವನ ಹಾಗೆ ಗಂಟಲು ಸರಿಮಾಡಿಕೊಂಡ.

"ಉಡ್ಡವ್ವ ಅನುಮಪ್ಪ!"

ಅಕ್ಷರ ಸವೆದಿದ್ದವು, ಧಾಟಿ ಮಾತ್ರ ಮಾವನದೇ. ಅತ್ತೆ "ಹಾಜರ್" ಎಂದರು. ಹಾಲಿನ ಮಾತೆತ್ತಲಿಲ್ಲ.

"ಅಂಬಲೀಷ ಅನುಮಪ್ಪ! ಬಶ್ ತಗಿ ಬಾಯಾಗಿಂದ! ಲೆಚ್ಚರರ್ ಅಂತ, ಲೆಚ್ಚರರ್!"

ಅಂಬರೀಷರ ಬಾಯಲ್ಲಿ ಬ್ರಶ್ ಇರಲೇ ಇಲ್ಲ. ಆದರೂ ತೆಗೆಯಲು ಕೈ ಹಾಕಿದರು.

"ಪೂನಂ ಅಂಬಲೀಷ!"

ನನ್ನ ಮಗ ನನ್ನನ್ನು ಅವ್ವಾ ಎಂದು ಕೂಡ ಕರೆದವನಲ್ಲ. ಐದು ವರ್ಷದಲ್ಲಿ ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು, ಅದೂ ಅಜ್ಜನ ಗದರುವ ದನಿಯಲ್ಲಿ. ನಾನು ಅವನನ್ನೇ ನೋಡುತ್ತಾ ನಿಂತೆ. ಹಾಜರ್ ಎನ್ನಲು ಮರೆತೆ.

"ಏ, ಕಿವಿ ಕೇಳಸೂದಿಲ್ಲೇನು?" ಎಂದ ಪ್ರಬುದ್ಧ.

"ಹಾಜರ್ರಿ!" ಎಂದೆ ಗಾಬರಿಯಲ್ಲಿ. ಮಗನಿಗೆ 'ರಿ' ಹಚ್ಚಿ ಮಾತಾಡಿದ ತಾಯಿ ಹುಬ್ಬಳ್ಳಿಯಲ್ಲಿ ನಾನೊಬ್ಬಳೇ ಇರಬೇಕು.

"ಪಬುದ್ಧ ಅಂಬಲೀಷ."

ಅಷ್ಟೇ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚುರ್ರ್ ಎಂದಿತು. ಸೀದ ವಾಸನೆ ವರಾಂಡದವರೆಗೆ ಬಂತು. ಏಳು ವರ್ಷ ಉಕ್ಕದ ಹಾಲು ಆ ದಿನ ಪೂರಾ ಉಕ್ಕಿಹೋಯಿತು, ಅತ್ತೆ ವೃತ್ತ ಬಿಟ್ಟು ಕದಲಲಿಲ್ಲ. ಮಾವನ ಹುಬ್ಬಿನಿಂದ ನೊರೆ ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಯಾರೂ ಹೇಳು ಎನ್ನಲಿಲ್ಲ. ಪ್ರಬುದ್ಧ ತನ್ನ ಕಾಲ್ಬೆರಳುಗಳನ್ನು ನೋಡಿದ. ನೆಲದ ಮೇಲೆ ಬಿದ್ದ ಜೋಳದ ಕಾಳನ್ನು ನೋಡಿದ.

"ಹಾಜರ್" ಎಂದ.

ಮಾವ ಟವೆಲ್ಲಿನಲ್ಲೇ ಒಳಗೆ ಓಡಿ ಹಾಜರಿ ಪುಸ್ತಕ ತಂದರು. ಕಣ್ಣು ಉರಿಯುತ್ತಿತ್ತೋ ಅಳುತ್ತಿದ್ದರೋ, ಎರಡೂ ಇರಬೇಕು. "ಸೀಟಿಗೆ ಓಡಿ ಬಂತಲ್ಲವಾ ಕೂಸು. ಅಂಜಲಿಲ್ಲ, ನೋಡಿದೇನು? ಸೀಟಿಗೆ ಓಡಿ ಬಂತು" ಎಂದು ನನಗೆ ಮೂರು ಸಲ ಹೇಳಿದರು.

"ನೋಡಿದ್ನಿರಿ ಮಾವಾರ. ನಿಮ್ಮ ಸೀಟೀನ ಬೇಕಾಗಿತ್ತು ಅವಂಗ" ಎಂದೆ.

ಪುಸ್ತಕದಿಂದ ಆ ಅರ್ಜಿ ತೆಗೆದರು. ಖಾಲಿ ಗೆರೆಯ ಮೇಲೆ ಪೆನ್ನು ಊರಿ "ಆಗಸ್ಟ್ 26" ಎಂದು ಬರೆಯಹೊರಟರು. ನಾನು ಕೈ ಹಿಡಿದೆ.

"ತಡೀರಿ. ಹಾಜರಾದ ದಿನ ರಜಾದಾಗ ಬರೂದಿಲ್ಲ. ರಜಾ ನಿನ್ನೆಗೆ ಮುಗೀತು. ನಿನ್ನಿ ತಾರೀಖ ಹಾಕ್ರಿ."

ಮಾವ ನನ್ನ ಮುಖ ನೋಡಿದರು, ಜೋರಾಗಿ ಮೂಗು ಸೀಟಿದರು. "ಖರೇ ಐತಿ. ಆಫೀಸಿನ ಮಂದಿ ಮುಂದ ಮಾತಾಡಬಾರದು" ಎಂದು 25 ಎಂದು ಬರೆದರು.

ಎಲ್ಲ ಒಂದೇ ದಿನಕ್ಕೆ ಮರಳಲಿಲ್ಲ. ಪರದೆಯನ್ನು ಇನ್ನೂ ಒಂದು ತಿಂಗಳು ಒಗೆದೆ. ಬಸ್ಸಿನ ಹೆಂಗಸು ದೀಪಾವಳಿಯ ಹೊತ್ತಿಗೆ ಬಂದಳು. ಹನ್ನೊಂದು ಮಾತಿನಲ್ಲಿ ಎರಡು ಇನ್ನೂ ಬರಬೇಕು. ಅವುಗಳ ಹೆಸರಿನ ಮುಂದೆ ಮಾವ ಪುಸ್ತಕದಲ್ಲಿ "ರಜೆ" ಎಂದೇ ಬರೆಯುತ್ತಾರೆ.

ಅರ್ಜಿ ಈಗ ನನ್ನ ಬೀರುವಿನಲ್ಲಿದೆ. ಸೋಪಿನ ನೀರು ಬಿದ್ದು ನನ್ನ ಕೆಂಪು ಆಕ್ಷೇಪಣೆ ಪೂರ್ತಿ ಅಳಿಸಿಹೋಗಿದೆ. ತಾರೀಖು ಚೆನ್ನಾಗಿ ಕಾಣುತ್ತದೆ.